ಘಾಟಿಯೇರುವಾಗ ಕುದಿಯುವ ವ್ಯಾನು

ಈರೋಡು ಜಿಲ್ಲೆಗೆ ಸೇರಿದ್ದರೂ ತಾಳವಾಡಿ ಸೀಮೆಯವರು ಈರೋಡಿಗೆ ಹೋಗಬೇಕಾದರೆ ಬೆಟ್ಟವನ್ನು ಇಳಿಯಲೇಬೇಕು. ಹಾಸನೂರು ದಾಟಿ ದಿಂಬಂ ಮುಟ್ಟಿ, ಅಲ್ಲಿಂದ 27 ಕಡಿದಾದ ತಿರುವುಗಳನ್ನು ಇಳಿದರೆ ಬಣ್ಣಾರಿ. ಇಳಿಯುವಾಗ ತಣ್ಣಗಿದ್ದ ಹಳೆಯ ವ್ಯಾನು ಸಂಜೆ ಹಿಂದಿರುಗಿ ಏರುವಾಗ ಕುದಿಯತೊಡಗುತ್ತದೆ. ದೊಡ್ಡಗಾಜನೂರಿನಂಥ ಊರಿನಲ್ಲಿ ಮಕ್ಕಳನ್ನು ಶಾಲೆಗೆ ಬಿಡುವ ವ್ಯಾನೇ ಹಿರಿಯರನ್ನು ಆಸ್ಪತ್ರೆಗೂ ಕರೆದೊಯ್ಯಬೇಕು. ದಾರಿಯೋ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಸತ್ಯಮಂಗಲದ ಕಾಡು. 2022ರಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಬಂದಿದೆ. ಕತ್ತಲಾಗುವ ಹೊತ್ತಿಗೆ, ಆನೆ ಅಡ್ಡಾಡುವ ತಿರುವಿನಲ್ಲಿ, ಮಕ್ಕಳನ್ನು ಕೂರಿಸಿಕೊಂಡು ಇಂಜಿನ್ ಆರುವುದನ್ನು ಕಾಯುವಂತಾಗಬಾರದು.

ನೀರು ಹೊಯ್ದು ಮುಂದೆ ಸಾಗುವುದು ನಮ್ಮಲ್ಲಿ ರೂಢಿ. ಅದು ಚಿಕಿತ್ಸೆಯಲ್ಲ. ಜ್ವರ ಯಾವ ಹೊತ್ತಿನಲ್ಲಿ ಏರುತ್ತದೆಂದು ವೈದ್ಯರು ಮೊದಲು ಕೇಳುವಂತೆ, ವ್ಯಾನು ಎಲ್ಲಿ, ಯಾವಾಗ ಕಾಯುತ್ತದೆಂಬುದನ್ನು ಮೊದಲು ಗಮನಿಸಬೇಕು. ರೋಗದ ಅರ್ಧ ಗುಟ್ಟು ಅಲ್ಲಿಯೇ ಇರುತ್ತದೆ.

ಸುಟ್ಟ ಇಂಧನದ ಶಾಖದಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ಇಂಜಿನ್ನಿನ ಸುತ್ತ ಹರಿಯುವ ನೀರು ಹೊತ್ತೊಯ್ಯಬೇಕು. ಪಂಪು ಅದನ್ನು ತಳ್ಳುತ್ತದೆ, ರೇಡಿಯೇಟರು ಗಾಳಿಗೆ ಒಡ್ಡಿ ಆರಿಸುತ್ತದೆ, ನಡುವೆ ಬಾಗಿಲಂತೆ ಥರ್ಮೋಸ್ಟಾಟ್ ಇದೆ.

ವ್ಯಾನು ಓಡುವಾಗ ಸರಿಯಿದ್ದು, ಶಾಲೆಯ ಗೇಟಿನ ಮುಂದೆ ಇಂಜಿನ್ ಚಾಲೂ ಇಟ್ಟು ನಿಂತಾಗ ಮಾತ್ರ ಕಾಯುವುದಾದರೆ ಫ್ಯಾನಿನ ಮೇಲೆ ಅನುಮಾನಪಡಬೇಕು. ಓಟದ ಗಾಳಿ ಮಾಡುತ್ತಿದ್ದ ಕೆಲಸವನ್ನು ನಿಂತಾಗ ಅದೇ ಮಾಡಬೇಕಷ್ಟೆ. ವಿದ್ಯುತ್ ಫ್ಯಾನಾದರೆ ಬ್ಯಾಟರಿಯಿಂದ ನೇರವಾಗಿ ತಂತಿ ಕೊಟ್ಟು ನೋಡಬಹುದು. ತಿರುಗಿದರೆ ಮೋಟಾರು ಸರಿಯಿದೆ, ದೋಷ ಫ್ಯೂಸು, ರಿಲೇ ಅಥವಾ ಸ್ವಿಚ್ಚಿನಲ್ಲಿದೆ. ಬಯಲು ದಾರಿಯಲ್ಲಿ ತೊಂದರೆ ಕೊಡದೆ ಏರಿನಲ್ಲಷ್ಟೇ ಮುಳ್ಳು ಮೇಲೇರಿದರೆ ರೇಡಿಯೇಟರು ಕಟ್ಟಿರುವ ಸಂಭವ ಹೆಚ್ಚು: ಹೊರಗೆ ರೆಕ್ಕೆಗಳ ನಡುವೆ ಧೂಳು, ಹುಳು, ಹುಲ್ಲಿನ ಚೂರು, ಒಳಗೆ ಕೊಳವೆಬಾವಿಯ ಗಡಸು ನೀರಿನ ಸುಣ್ಣ. ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವ ಬಿಳಿಯ ಪದರವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಕೂಲೆಂಟ್ ಬೆರೆಸಿದ ಶುದ್ಧೀಕರಿಸಿದ ನೀರನ್ನೇ ಹಾಕಬೇಕೆನ್ನುವುದು ಇದಕ್ಕಾಗಿ.

ಹೊರಟ ಸ್ವಲ್ಪ ಹೊತ್ತಿಗೇ, ಸಮದಾರಿಯಲ್ಲೇ ಕಾದರೆ? ಇಂಜಿನ್ ನಿಲ್ಲಿಸಿ ರೇಡಿಯೇಟರಿನ ಎರಡು ರಬ್ಬರ್ ಕೊಳವೆಗಳನ್ನು ಎಚ್ಚರದಿಂದ ಮುಟ್ಟಿ ನೋಡಿ. ಮೇಲಿನದು ಸುಡುತ್ತಿದ್ದು ಕೆಳಗಿನದು ತಣ್ಣಗಿದ್ದರೆ ನೀರು ಹರಿಯುತ್ತಿಲ್ಲ. ಥರ್ಮೋಸ್ಟಾಟ್ ಮುಚ್ಚಿಕೊಂಡೇ ಉಳಿದಿರಬಹುದು. ಅದನ್ನು ಬಿಚ್ಚಿ, ದಾರದಲ್ಲಿ ಕಟ್ಟಿ, ಒಲೆಯ ಮೇಲಿನ ನೀರಿನಲ್ಲಿ ಇಳಿಬಿಟ್ಟರೆ ಕುದಿ ಬರುವ ಮೊದಲೇ ಬಾಯಿ ತೆರೆಯಬೇಕು. ತೆರೆಯದಿದ್ದರೆ ಹೊಸದು ಹಾಕಿಸಬೇಕೇ ಹೊರತು, ಅದನ್ನು ಕಿತ್ತೆಸೆದು ಓಡಿಸುವುದು ತರವಲ್ಲ. ಹಾಗೆ ಮಾಡಿದ ಇಂಜಿನ್ ತಕ್ಕ ಬಿಸಿಗೆ ಬಾರದೆ ಇಂಧನವನ್ನು ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಮುಳ್ಳು ಏರುವಾಗಲೇ ಬ್ಯಾಟರಿಯ ಕೆಂಪು ದೀಪವೂ ಹೊತ್ತಿದರೆ ಬೆಲ್ಟು ತುಂಡಾಗಿರಬಹುದು. ಅಂಥ ಸಮಯದಲ್ಲಿ ಒಂದು ಫರ್ಲಾಂಗೂ ಓಡಿಸಬಾರದು.

ಎಲ್ಲರೂ ಕಡೆಗಣಿಸುವ ಭಾಗವೆಂದರೆ ರೇಡಿಯೇಟರಿನ ಮುಚ್ಚಳ. ಸಾವಿರ ಮೀಟರಿಗೂ ಮೇಲಿರುವ ದಿಂಬದಲ್ಲಿ ತೆರೆದ ಪಾತ್ರೆಯ ನೀರು 96–97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳದ ಸ್ಪ್ರಿಂಗು ಒಳಗೆ ಒತ್ತಡ ಹಿಡಿದಿಟ್ಟರೆ ಅದೇ ನೀರು ಸುಮಾರು 115 ಡಿಗ್ರಿಯವರೆಗೂ ಕುದಿಯದೆ ತಡೆಯುತ್ತದೆ. ಪ್ರೆಶರ್ ಕುಕ್ಕರಿನ ನ್ಯಾಯವೇ ಇದು. ರಬ್ಬರು ಸವೆದ ಮುಚ್ಚಳವಿದ್ದರೆ ಬೇರೆಲ್ಲ ಸರಿಯಿದ್ದರೂ ಘಾಟಿಯ ತುದಿಯಲ್ಲಿ ನೀರು ಉಕ್ಕುತ್ತದೆ. ದುಬಾರಿ ದುರಸ್ತಿಗೆ ಒಪ್ಪುವ ಮುನ್ನ ಇದೊಂದನ್ನು ಬದಲಿಸಿ ನೋಡುವುದು ಜಾಣತನ.

ಎಲ್ಲಿಯೂ ಸೋರದೆ ನೀರು ಕಡಿಮೆಯಾಗುತ್ತ ಬಂದರೆ ಮಾತ್ರ ಚಿಂತಿಸಬೇಕಾದದ್ದಿದೆ. ಹೊಗೆ ಬೆಳ್ಳಗಾಗಿ ಬಿಡದೆ ಬರುವುದು, ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆತ ಕಾಫಿಯ ಬಣ್ಣ ಕಾಣುವುದು, ಬೆಳಿಗ್ಗೆ ತಣ್ಣಗಿರುವಾಗಲೇ ಮುಚ್ಚಳ ತೆಗೆದು ಚಾಲೂ ಮಾಡಿದರೆ ನೀರಿನಲ್ಲಿ ಗುಳ್ಳೆಗಳು ಎದ್ದೇ ಏಳುವುದು – ಇವು ಹೆಡ್ ಗ್ಯಾಸ್ಕೆಟ್ ಹೋಗಿರುವ ಲಕ್ಷಣಗಳು. ಕುದಿಯುವ ಇಂಜಿನ್ನನ್ನು ಹಾಗೆಯೇ ಓಡಿಸುತ್ತ ಬಂದವರು ಕೊನೆಗೆ ತಲುಪುವುದು ಇಲ್ಲಿಗೇ.

1984ರಿಂದ 2019ರವರೆಗೆ ತಯಾರಾದ ಮಾರುತಿ ಓಮ್ನಿಯಂಥ ವ್ಯಾನಿನಲ್ಲಿ ಇಂಜಿನ್ ಇರುವುದು ಮುಂದಿನ ಆಸನಗಳ ಕೆಳಗೆ. ಕಾವು ಏರಿದ್ದು ಮುಳ್ಳಿಗಿಂತ ಮೊದಲು ಮುಂದೆ ಕೂತವರಿಗೇ ತಿಳಿದೀತು! ಹಬೆ ಕಂಡೊಡನೆ ತಿರುವಿನಿಂದ ದೂರ, ಹಿಂದಿನವರಿಗೆ ಕಾಣುವಂತೆ ನಿಲ್ಲಿಸಿ, ಆಸನ ಎತ್ತುವ ಮೊದಲು ಮುಂದಿರುವ ಮಕ್ಕಳನ್ನು ಹಿಂದಕ್ಕೆ ಕಳುಹಿಸಿ. ಅರ್ಧ ಗಂಟೆಯಾದರೂ ಮುಚ್ಚಳವನ್ನು ಮುಟ್ಟಬೇಡಿ. ಒತ್ತಡದಲ್ಲಿರುವ ನೀರು ಮುಖಕ್ಕೆ ಚಿಮ್ಮುತ್ತದೆ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು. ಆರಿದ ಮೇಲೆ, ದಪ್ಪ ಬಟ್ಟೆ ಹಿಡಿದು, ಮುಚ್ಚಳವನ್ನು ಮೊದಲ ಕಚ್ಚಿನವರೆಗೆ ಮಾತ್ರ ತಿರುಗಿಸಿ ಹಬೆ ಹೋಗಲು ಬಿಡಿ.