ಜಪಾನಿನ ಜನಪ್ರಿಯ ಸಂಸ್ಕೃತಿ ಮತ್ತು ಧರ್ಮ: ಒಂದು ಶಬ್ದದ ಜಿಜ್ಞಾಸೆ

ಒಂದು ಜನಾಂಗದ ಧಾರ್ಮಿಕ ಜೀವನವನ್ನು ಅರಿಯಬೇಕಾದರೆ ಅದರ ಶಾಸ್ತ್ರಗ್ರಂಥಗಳನ್ನು ಓದಿದರೆ ಸಾಲದು. ಅದು ಬಿಡುವಿನ ವೇಳೆಯಲ್ಲಿ ಏನನ್ನು ನೋಡಿ ನಲಿಯುತ್ತದೆ, ಎಂತಹ ಕಥೆಗಳಿಗೆ ಮನಸೋಲುತ್ತದೆ ಎಂಬುದನ್ನೂ ಗಮನಿಸಬೇಕು. ಈ ದೃಷ್ಟಿಯಿಂದ ಆಧುನಿಕ ಜಪಾನು ಅಭ್ಯಾಸಯೋಗ್ಯವಾದ ಕ್ಷೇತ್ರವಾಗಿದೆ. ಆದರೆ ಅಭ್ಯಾಸಿಗೆ ಮೊದಲ ಹೆಜ್ಜೆಯಲ್ಲಿಯೇ ಒಂದು ತೊಡಕು ಎದುರಾಗುತ್ತದೆ. ‘ನಿಮ್ಮ ಧರ್ಮ ಯಾವುದು?’ ಎಂದು ಕೇಳಿದರೆ ಅಲ್ಲಿನ ಬಹುಸಂಖ್ಯಾತರು ‘ಯಾವುದೂ ಇಲ್ಲ’ ಎಂದೇ ಉತ್ತರಿಸುತ್ತಾರೆ. ಅದೇ ಜನರು ಹೊಸವರ್ಷದ ಮೊದಲ ದಿನಗಳಲ್ಲಿ ದೇಗುಲಗಳ ಮುಂದೆ ಸಾಲುಗಟ್ಟಿ ನಿಲ್ಲುತ್ತಾರೆ. ಪರೀಕ್ಷೆಗೆ ಹೊರಟ ಮಕ್ಕಳಿಗೆ ‘ಒಮಾಮೊರಿ’ ಎಂಬ ರಕ್ಷೆಯನ್ನು ತಂದುಕೊಡುತ್ತಾರೆ. ಮನೆಯಲ್ಲಿ ಸಾವು ಸಂಭವಿಸಿದಾಗ ಬೌದ್ಧ ಪುರೋಹಿತರನ್ನು ಕರೆಸುತ್ತಾರೆ. 2020ರ ಜನಗಣತಿಯಂತೆ ಆ ದೇಶದ ಜನಸಂಖ್ಯೆ ಸುಮಾರು 12.6 ಕೋಟಿ. ಅದೇ ಕಾಲಕ್ಕೆ ಧಾರ್ಮಿಕ ಸಂಸ್ಥೆಗಳು ಸರ್ಕಾರಕ್ಕೆ ಒಪ್ಪಿಸಿದ ಅನುಯಾಯಿಗಳ ಲೆಕ್ಕವನ್ನು ಕೂಡಿಸಿದರೆ ಮೊತ್ತ 16 ಕೋಟಿಯನ್ನು ಮೀರುತ್ತದೆ. ಒಬ್ಬನೇ ಮನುಷ್ಯನನ್ನು ಶಿಂಟೋ ದೇಗುಲವೂ ಬೌದ್ಧ ಮಂದಿರವೂ ತಮ್ಮವನೆಂದು ಎಣಿಸಿರುವುದೇ ಇದಕ್ಕೆ ಕಾರಣ.

ಈ ವಿರೋಧಾಭಾಸದ ಮೂಲ ಒಂದು ಶಬ್ದದಲ್ಲಿದೆ. ಇಂದು ಜಪಾನೀ ಭಾಷೆಯಲ್ಲಿ ಧರ್ಮವೆಂಬ ಅರ್ಥದಲ್ಲಿ ಬಳಕೆಯಲ್ಲಿರುವ ಪದ ‘ಶೂಕ್ಯೋ’. ಹಿಂದೆ ಇದು ಬೌದ್ಧ ಪರಿಭಾಷೆಯಲ್ಲಿ ಒಂದು ಪಂಥದ ಉಪದೇಶವನ್ನು ಸೂಚಿಸುತ್ತಿದ್ದ ವಿರಳ ಶಬ್ದವಾಗಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಪಾಶ್ಚಾತ್ಯ ರಾಷ್ಟ್ರಗಳೊಡನೆ ಒಪ್ಪಂದಗಳು ನಡೆದಾಗ ಅವರ ‘ರಿಲಿಜನ್’ ಎಂಬ ಪದಕ್ಕೆ ಸಮನಾದ ಶಬ್ದ ಬೇಕಾಯಿತು. ಕ್ರಮೇಣ ಈ ಪದವೇ ಆ ಸ್ಥಾನದಲ್ಲಿ ನೆಲೆಗೊಂಡಿತು. ಆದುದರಿಂದ ಸಂಸ್ಥಾಪಕ, ಗ್ರಂಥ, ಸಿದ್ಧಾಂತ, ಸದಸ್ಯತ್ವಗಳುಳ್ಳ ಒಂದು ಸಂಘಟನೆಯ ಚಿತ್ರವೇ ಅದರೊಂದಿಗೆ ಬೆಸೆದುಕೊಂಡಿತು. ಊರಿನ ದೇಗುಲಕ್ಕೆ ಹೋಗುವುದು, ಪಿತೃಗಳನ್ನು ಸ್ಮರಿಸುವುದು ಮುಂತಾದ ಆಚರಣೆಗಳು ಆ ಚಿತ್ರದೊಳಗೆ ಅಡಕವಾಗಲಿಲ್ಲ. ಅಮಾ ತೋಷಿಮಾರೋ ಎಂಬ ವಿದ್ವಾಂಸರು 1996ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬೋಧಕರಿಂದ ಸ್ಥಾಪಿತವಾದ ಧರ್ಮ ಮತ್ತು ತಲೆಮಾರುಗಳಿಂದ ತಾನಾಗಿ ಹರಿದುಬಂದ ಧರ್ಮ ಎಂಬ ಭೇದವನ್ನು ತೋರಿಸಿ, ಜಪಾನೀಯರ ‘ಇಲ್ಲ’ ಎಂಬ ಉತ್ತರವು ಮೊದಲನೆಯದಕ್ಕೆ ಮಾತ್ರ ಅನ್ವಯಿಸುತ್ತದೆಂದು ಪ್ರತಿಪಾದಿಸಿದರು.

ಇದು ಕೇವಲ ಶಬ್ದವಾದವೆಂದು ತಿಳಿಯಲಾಗದು. 1889ರ ಮೇಯ್ಜಿ ಸಂವಿಧಾನವು ಪ್ರಜೆಗಳಿಗೆ ಧರ್ಮಸ್ವಾತಂತ್ರ್ಯವನ್ನು ಕೆಲವು ಮಿತಿಗಳಿಗೊಳಪಡಿಸಿ ನೀಡಿತ್ತು. ಆದರೆ 1900ರಲ್ಲಿ ಗೃಹಖಾತೆಯು ದೇಗುಲಗಳ ಆಡಳಿತವನ್ನು ಧರ್ಮಗಳ ಆಡಳಿತದಿಂದ ಬೇರ್ಪಡಿಸಿತು. ದೇಗುಲದ ವಿಧಿಗಳು ಧರ್ಮವಲ್ಲ, ರಾಷ್ಟ್ರಕರ್ತವ್ಯ ಎಂಬುದು ಇದರ ತಾತ್ಪರ್ಯ. 1932ರಲ್ಲಿ ಟೋಕಿಯೋದ ಸೋಫಿಯಾ ವಿಶ್ವವಿದ್ಯಾಲಯದ ಕೆಲವು ಕ್ಯಾಥೊಲಿಕ್ ವಿದ್ಯಾರ್ಥಿಗಳು ಯಾಸುಕುನಿ ದೇಗುಲದಲ್ಲಿ ವಂದಿಸಲು ಒಪ್ಪದಿದ್ದಾಗ, ಆ ವಂದನೆಯು ದೇಶಭಕ್ತಿಯ ಮತ್ತು ನಿಷ್ಠೆಯ ಕುರುಹೆಂದು ಶಿಕ್ಷಣಖಾತೆ ವಿವರಣೆಯಿತ್ತಿತು. ಧರ್ಮವೇ ಅಲ್ಲವೆಂದ ಮೇಲೆ ಅದನ್ನು ನಿರಾಕರಿಸುವ ಸ್ವಾತಂತ್ರ್ಯವಾದರೂ ಎಲ್ಲಿಯದು? 1945ರ ಡಿಸೆಂಬರಿನಲ್ಲಿ ಮಿತ್ರರಾಷ್ಟ್ರಗಳ ಆಡಳಿತ ಹೊರಡಿಸಿದ ನಿರ್ದೇಶದಿಂದ ಈ ವ್ಯವಸ್ಥೆ ಕೊನೆಗೊಂಡಿತು.

ಅರ್ಧ ಶತಮಾನದ ಬಳಿಕ ಅದೇ ಶಬ್ದದ ಮೇಲೆ ಇನ್ನೊಂದು ಕರಿನೆರಳು ಬಿದ್ದಿತು. 1995ರ ಮಾರ್ಚ್ 20ರಂದು ಓಮ್ ಶಿನ್ರಿಕ್ಯೋ ಎಂಬ ಪಂಥದವರು ಟೋಕಿಯೋದ ಸುರಂಗ ರೈಲುಗಳಲ್ಲಿ ವಿಷಾನಿಲವನ್ನು ಹರಡಿದರು. ಹತ್ತಕ್ಕೂ ಹೆಚ್ಚು ಜನ ಮಡಿದು ಸಾವಿರಾರು ಮಂದಿ ಬಾಧೆಗೊಳಗಾದರು. ಈ ಪಂಥವು ತನ್ನ ಬೋಧನೆಯನ್ನು ‘ಮಂಗಾ’ ಎಂಬ ಚಿತ್ರಕಥೆಗಳ ಮೂಲಕವೂ ‘ಅನಿಮೆ’ ಎಂಬ ಚಲಚ್ಚಿತ್ರಗಳ ಮೂಲಕವೂ ಪ್ರಚಾರ ಮಾಡಿತ್ತು. ಅಂದಿನಿಂದ ‘ಶೂಕ್ಯೋ’ ಎಂದರೆ ಭಯಪಡುವ ಪ್ರವೃತ್ತಿ ಜನರಲ್ಲಿ ಬಲವಾಯಿತು.

ಹೀಗಿದ್ದರೂ ದೇವತೆಗಳು ಜನಮನದಿಂದ ಮರೆಯಾಗಲಿಲ್ಲ. ಮಿಯಾಜಾಕಿ ಹಾಯಾವೋ ಅವರು 2001ರಲ್ಲಿ ನಿರ್ಮಿಸಿದ, ದೇವತೆಗಳ ಸ್ನಾನಗೃಹದಲ್ಲಿ ದುಡಿಯುವ ಬಾಲಿಕೆಯೊಬ್ಬಳ ಕಥೆಯನ್ನು ಹೇಳುವ ಅನಿಮೆ ಚಿತ್ರವನ್ನು ಕೋಟ್ಯಂತರ ಜನ ಕಂಡು ಮೆಚ್ಚಿದರು. 2007ರಲ್ಲಿ ‘ಲಕಿ ಸ್ಟಾರ್’ ಎಂಬ ಹಾಸ್ಯಪ್ರಧಾನ ಧಾರಾವಾಹಿ ದೂರದರ್ಶನದಲ್ಲಿ ಬಂದಿತು. ಅದರ ಇಬ್ಬರು ಅವಳಿ ಸೋದರಿಯರ ಮನೆಯಾದ ದೇಗುಲಕ್ಕೆ ಸಾಯಿತಾಮಾ ಪ್ರಾಂತದ ವಾಶಿನೋಮಿಯಾ ಎಂಬ ಪುರಾತನ ದೇಗುಲ ಮಾದರಿಯಾಗಿತ್ತು. ಅಭಿಮಾನಿಗಳು ತಂಡೋಪತಂಡವಾಗಿ ಅಲ್ಲಿಗೆ ಬರತೊಡಗಿದರು. ಹರಕೆಯನ್ನು ಬರೆದು ತೂಗುಹಾಕುವ ‘ಎಮಾ’ ಎಂಬ ಮರದ ಹಲಗೆಗಳ ಮೇಲೆ ತಮ್ಮ ಪ್ರಿಯ ಪಾತ್ರಗಳನ್ನು ಚಿತ್ರಿಸಿದರು. ಹೊಸವರ್ಷದ ದರ್ಶನಾರ್ಥಿಗಳ ಸಂಖ್ಯೆ 2008ರಲ್ಲಿ ಸುಮಾರು 3 ಲಕ್ಷಕ್ಕೇರಿ, 2009ರಲ್ಲಿ 4 ಲಕ್ಷವನ್ನು ದಾಟಿತು. 2008ರ ಸೆಪ್ಟೆಂಬರಿನ ಉತ್ಸವದಲ್ಲಿ ಆ ಪಾತ್ರಗಳ ಚಿತ್ರಗಳುಳ್ಳ ಪಲ್ಲಕ್ಕಿಯೂ ಮೆರೆಯಿತು. ಇಂತಹ ಪ್ರವಾಸಕ್ಕೆ ಜನರು ಇಟ್ಟ ಹೆಸರು ‘ಸೇಯ್ಚಿ ಜುನ್ರೇಯ್’, ಎಂದರೆ ಪುಣ್ಯಕ್ಷೇತ್ರಯಾತ್ರೆ.

ಇದನ್ನು ಭಕ್ತಿಯೆನ್ನಬೇಕೆ, ವಿನೋದವೆನ್ನಬೇಕೆ? ಜೋಲಿಯನ್ ಬರಾಕಾ ಥಾಮಸ್ ಎಂಬ ವಿದ್ವಾಂಸರು ‘ಶೂಕ್ಯೋ ಅಸೋಬಿ’, ಅರ್ಥಾತ್ ಧರ್ಮಲೀಲೆ ಎಂಬ ಪದವನ್ನು ಬಳಸಿ, ಇವೆರಡರ ನಡುವೆ ಗಡಿಗೆರೆ ಎಳೆಯುವ ಆತುರ ಸಲ್ಲದೆಂದು ಸೂಚಿಸಿದ್ದಾರೆ. ಆದರೆ ಇದಕ್ಕೆ ವಿರುದ್ಧವಾದ ಆತುರವೂ ತರವಲ್ಲ. ಚಿತ್ರದಲ್ಲಿ ದೇವತೆಯೊಂದು ಸುಳಿದ ಮಾತ್ರಕ್ಕೆ ಅದು ಧಾರ್ಮಿಕ ಕೃತಿಯಾಗದು; ಅಲಂಕಾರಕ್ಕಾಗಿ ಬಂದ ದೇವತೆಗಳೂ ಅಲ್ಲಿ ಹೇರಳವಾಗಿವೆ. ನೋಡಿದವನು ತರುವಾಯ ಏನು ಮಾಡಿದನು ಎಂಬುದೇ ಇಲ್ಲಿ ಪರಿಶೀಲನಾರ್ಹವಾದುದು. ಚಿತ್ರ ಬಿಡಿಸಿದ ಹಲಗೆಯ ಮೇಲೆಯೇ ತಾಯಿಯ ಆರೋಗ್ಯವನ್ನೋ ಉದ್ಯೋಗವನ್ನೋ ಬೇಡಿಕೊಂಡಿದ್ದರೆ, ಅಲ್ಲಿ ವಿನೋದವೂ ಪ್ರಾರ್ಥನೆಯೂ ಒಂದೇ ಕೈಬರಹದಲ್ಲಿವೆ.

ನಮ್ಮ ಭಾಷೆಯಲ್ಲಿಯೂ ‘ಮತ’, ‘ಧರ್ಮ’ ಎಂಬ ಹಳೆಯ ಶಬ್ದಗಳು ಆ ‘ರಿಲಿಜನ್’ ಪದದ ಭಾರವನ್ನು ಹೊತ್ತು ನಡೆದಿವೆ. ‘ಧರ್ಮ ಯಾವುದು?’ ಎಂಬ ಪ್ರಶ್ನಾವಳಿಯ ಒಂದು ಸಾಲಿಗೆ ದೊರೆತ ಉತ್ತರದಿಂದ ಒಂದು ಜನಾಂಗದ ಅಂತರಂಗವನ್ನು ಅಳೆಯಲಾಗದು. ಯಾರು ಕೇಳಿದರು, ಯಾವ ಶಬ್ದದಿಂದ ಕೇಳಿದರು, ಆ ಶಬ್ದದ ಹೆಸರಿನಲ್ಲಿ ಹಿಂದೆ ಏನೇನು ನಡೆದಿತ್ತು ಎಂಬುದನ್ನು ವಿಚಾರಿಸಿದ ಬಳಿಕವೇ ಆ ಉತ್ತರಕ್ಕೆ ಅರ್ಥ ಬರುತ್ತದೆ. ಸಾಹಿತ್ಯದ ಅಭ್ಯಾಸಿಗಳೂ ಶ್ರದ್ಧಾವಂತರೂ ಜಪಾನಿನ ನಿದರ್ಶನದಿಂದ ಮನಗಾಣಬೇಕಾದ ವಿವೇಕವಿದು.