ಇಳಿತ ನೋಡಿ ಹೊರಡಿ

ಗೋಕರ್ಣದ ಕುಡ್ಲೆ, ಓಂ ಬೀಚುಗಳ ಆಸುಪಾಸಿನ ಯಾವ ಹೋಮ್‌ಸ್ಟೇಯಲ್ಲಿ ಇಳಿದುಕೊಂಡರೂ ಮರುದಿನದ ತಿರುಗಾಟಕ್ಕೆ ಪಟ್ಟಿ ಸಿದ್ಧವಿರುತ್ತದೆ: ಮಿರ್ಜಾನ್ ಕೋಟೆ, ಯಾಣ, ಉಂಚಳ್ಳಿ ಜಲಪಾತ. ಬೆಳಗ್ಗೆ ತಿಂಡಿ ಮುಗಿಸಿ ಕಾರು ಹತ್ತಿದರೆ ಕತ್ತಲಾಗುವಷ್ಟರಲ್ಲಿ ವಾಪಸ್ಸು. ಇವು ಮೂರೂ ಅಘನಾಶಿನಿ ಎಂಬ ಒಂದೇ ಹೊಳೆಯ ಬಳಗ. ಆದರೆ ಆ ಹೊಳೆ ಕಡಲು ಸೇರುವ ಅಳಿವೆಯ ಹೆಸರು ಪಟ್ಟಿಯಲ್ಲಿ ಕಾಣುವುದು ಅಪರೂಪ. ಅದನ್ನು ನೋಡಲು ಕೈಗಡಿಯಾರ ಸಾಲದು, ಗೋಡೆಯ ಮೇಲೆ ನೇತುಹಾಕಿದ ಪಂಚಾಂಗವೂ ಬೇಕು.

ಉಬ್ಬರ ಇಳಿತಗಳ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಜಾರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಸುತ್ತ ನೀರು ಹೆಚ್ಚು ಏರಿ, ಹೆಚ್ಚು ಇಳಿಯುತ್ತದೆ. ಅಷ್ಟಮಿ ಬಂತೆಂದರೆ ಏರಿಳಿತ ಮಂದ. ದೊಡ್ಡ ಇಳಿತ ಇಲ್ಲಿ ನಸುಕಿಗೊಮ್ಮೆ, ಇಳಿಹೊತ್ತಿಗೊಮ್ಮೆ ಬೀಳುತ್ತದೆ. ಒಂಬತ್ತಕ್ಕೆ ಹೊರಟು ಮಧ್ಯಾಹ್ನ ತದಡಿ ತಲುಪುವವರಿಗೆ ಆ ದಿನಗಳಲ್ಲಿ ಕಾಣುವುದು ಅಗಲವಾದ ನೀರು ಮಾತ್ರ. ಚೆಂದವೇನೋ ಹೌದು, ಆದರೆ ಅಳಿವೆಯ ಬದುಕೆಲ್ಲ ಆಗ ಆ ನೀರಿನಡಿ ಮುಚ್ಚಿಹೋಗಿರುತ್ತದೆ.

ತದಡಿ ಮೀನುಗಾರಿಕೆಯ ಬಂದರು. ಅಲ್ಲಿಂದ ಎದುರು ದಡದ ಅಘನಾಶಿನಿ ಊರಿಗೆ ದೋಣಿ ಇದೆ, ಬೈಕುಗಳನ್ನೂ ಹತ್ತಿಸಿಕೊಳ್ಳುತ್ತದೆ. ಹುಣ್ಣಿಮೆ ಕಳೆದ ಬಿದಿಗೆಯ ಬೆಳಗ್ಗೆ, ಇನ್ನೂ ಬಿಸಿಲೇರದ ಹೊತ್ತಿನಲ್ಲಿ, ಹೊಳೆಯ ನಡುವೆ ಬೂದುಬಣ್ಣದ ದಿಬ್ಬಗಳು ಒಂದೊಂದಾಗಿ ಮೇಲೇಳುತ್ತವೆ. ಗರುಡಗಳು ತಗ್ಗಿನಲ್ಲಿ ಸುತ್ತು ಹಾಕತೊಡಗುತ್ತವೆ. ಚಳಿಗಾಲವಾದರೆ ಉತ್ತರದಿಂದ ವಲಸೆ ಬಂದ ಉಲ್ಲಂಕಿಗಳು ನೀರಿನಂಚು ಹಿಂದೆ ಸರಿದಂತೆಲ್ಲ ಅದರ ಬೆನ್ನಿಗೇ ನಡೆಯುತ್ತ ಹೋಗುತ್ತವೆ.

ಹಕ್ಕಿಗಳ ಹಿಂದೆಯೇ ಹೆಂಗಸರು ಇಳಿಯುತ್ತಾರೆ, ಬಳಚು ಆರಿಸಲು. ಬಗ್ಗಿ ನೋಡಿದರೆ ಕೆಸರಿನಲ್ಲಿ ಜೋಡಿ ತೂತುಗಳು. ಮಣ್ಣಿನಡಿ ಹುದುಗಿರುವ ಬಳಚು ಹೊರಚಾಚುವ ಎರಡು ನಳಿಗೆಗಳ ಗುರುತು ಅವು. ಒಂದರಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ. ನಡುವೆ ಕಿವಿರು ಆ ನೀರನ್ನು ಸೋಸಿ ಸೂಕ್ಷ್ಮ ಪಾಚಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೆಂಗಸರು ತೂತು ಹುಡುಕುತ್ತ ಕೂರುವುದಿಲ್ಲ. ಸೊಂಟದ ಮಟ್ಟದ ನೀರಿನಲ್ಲೂ ಪಾದಕ್ಕೆ ಗಟ್ಟಿ ತಗುಲಿದ್ದು ಕಲ್ಲೋ ಬಳಚೋ ಎಂದು ಅವರಿಗೆ ತಿಳಿಯುತ್ತದೆ. ಯಾವಾಗ ಬಂದರೆ ನೋಡಬಹುದು ಎಂದು ಕೇಳಿದ್ದಕ್ಕೆ ಹಿರಿಯರೊಬ್ಬರು ತಲೆ ಎತ್ತದೆಯೇ ಹೇಳಿದರು: "ನೀರು ಇಳಿದಾಗ ಬನ್ನಿ."

ದಡದ ಕಡೆ ಕಾಂಡ್ಲಾ. ಈ ಗಿಡಗಳ ಬುಡದಲ್ಲಿ ಅಲ್ಲಾಡದೆ ಹತ್ತು ನಿಮಿಷ ನಿಂತರೆ ಸಾಕು, ನಮ್ಮ ಹೆಜ್ಜೆ ಸದ್ದಿಗೆ ಬಿಲ ಸೇರಿದ್ದ ಏಡಿಗಳು ಹೊರಬರುತ್ತವೆ. ಗಂಡಿಗೆ ಒಂದು ಕೊಂಡಿ ಮೈಯಷ್ಟೇ ದೊಡ್ಡದು. ಅದನ್ನು ಮೇಲೆತ್ತಿ ಬೀಸುವುದು ಹೆಣ್ಣನ್ನು ಕರೆಯಲು, ಪಕ್ಕದ ಗಂಡನ್ನು ದೂರವಿಡಲು. ಉಣ್ಣುವುದಕ್ಕೆ ಅದು ಬಾರದು. ಹೆಣ್ಣು ಎರಡೂ ಕೊಂಡಿಗಳಿಂದ ಕೆಸರು ಮೊಗೆದು ಬಾಯಿಗಿಡುತ್ತದೆ, ಗಂಡಿಗೆ ಒಂದೇ ಗತಿ. ಬಾಯೊಳಗೆ ಕೆಸರನ್ನು ಜಾಲಿಸಿ, ತಿನ್ನುವುದನ್ನಷ್ಟು ಉಳಿಸಿಕೊಂಡು, ಮಿಕ್ಕಿದ್ದನ್ನು ಸಾಸಿವೆಯಷ್ಟು ಗುಂಡಗೆ ಉಂಡೆ ಮಾಡಿ ಉದುರಿಸುತ್ತವೆ. ಪ್ರತಿ ಬಿಲದ ಸುತ್ತ ಆ ಉಂಡೆಗಳ ಹರವು. ಮುಂದಿನ ಉಬ್ಬರ ಅದನ್ನೆಲ್ಲ ಅಳಿಸುತ್ತದೆ, ಹೊಸ ಊಟ ಬಡಿಸುತ್ತದೆ.

ಅವಿಸೆನಿಯಾ ಜಾತಿಯ ಕಾಂಡ್ಲಾ ಎಲೆಯನ್ನು ನಾಲಿಗೆಗೆ ತಾಗಿಸಿ ನೋಡಿ, ಉಪ್ಪು. ಬೇರಿನಿಂದ ಏರಿದ ಉಪ್ಪನ್ನು ಎಲೆಯ ಗ್ರಂಥಿಗಳು ಹೊರಹಾಕುತ್ತವೆ. ಒಣಹವೆಯಲ್ಲಿ ಅದು ಬರಿಗಣ್ಣಿಗೇ ಕಾಣುವ ಹರಳಾಗುತ್ತದೆ.

ಉಪ್ಪಿನ ಜೊತೆ ಹೊಂದಿಕೊಂಡು ಬಾಳುವ ಬೆಳೆಯೂ ಇಲ್ಲುಂಟು. ಮಾಣಿಕಟ್ಟಾದ ಗಜನಿ ಗದ್ದೆಗಳಲ್ಲಿ ಮುಂಗಾರು ಮಳೆ ಮಣ್ಣಿನ ಉಪ್ಪು ತೊಳೆದ ಮೇಲೆ ಕಗ್ಗ ಭತ್ತ ಬಿತ್ತುತ್ತಾರೆ. ಕೆಲವು ದಿನ ನೀರಿನಲ್ಲಿ ಮುಳುಗಿದರೂ, ಉಪ್ಪುನೀರು ನುಗ್ಗಿದರೂ ತಾಳಿಕೊಳ್ಳುವ ತಳಿ ಅದು. ತೆನೆ ಕೊಯ್ದುಕೊಂಡು ದಂಟನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ಉಬ್ಬರದ ನೀರಿನ ಜೊತೆ ಒಳಬರುವ ಮೀನು, ಸಿಗಡಿಗೆ ಕೊಳೆಯುವ ಆ ದಂಟೇ ಮೇವು. ಒಂದೇ ಗದ್ದೆಯಲ್ಲಿ ಮಳೆಗಾಲಕ್ಕೆ ಅನ್ನ, ಬೇಸಿಗೆಗೆ ಮೀನು.

ಇಷ್ಟೆಲ್ಲ ಇಲ್ಲಿ ಉಳಿದದ್ದು ಹೇಗೆಂದು ತಿಳಿಯಲು ಘಟ್ಟ ಹತ್ತಬೇಕು. ಅಘನಾಶಿನಿಯ ಒಂದು ಮೂಲ ಶಿರಸಿಯ ಶಂಕರಹೊಂಡ, ಇನ್ನೊಂದು ಮಂಜುಗುಣಿ. ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ ಹೊಳೆ 116 ಮೀಟರ್ ಕೆಳಗೆ ಧುಮುಕುತ್ತದೆ. ಯಾಣದ ಕಪ್ಪು ಬಂಡೆಗಳ ಬಳಿಯ ಚಂಡಿಹೊಳೆ ಕೂಡ ಇದಕ್ಕೇ ಬಂದು ಸೇರುತ್ತದೆ. ಅಲ್ಲಿನ ಭೈರವೇಶ್ವರ ಶಿಖರದ ಎತ್ತರ 120 ಮೀಟರ್, ಮೋಹಿನಿ ಶಿಖರದ್ದು 90. ಬಂಡೆಯ ಮೈಗೆ ಜೋತುಬಿದ್ದ ಹೆಜ್ಜೇನು ಹುಟ್ಟುಗಳು ಕೆಳಗಿನಿಂದಲೇ ಕಾಣುತ್ತವೆ. ಕೆಳಗೆ ಮಿರ್ಜಾನಿನ ಜಂಬಿಟ್ಟಿಗೆ ಕೋಟೆಯ ಹೊತ್ತಿಗೆ ಹೊಳೆ ನಿಧಾನವಾಗಿ, ಉಪ್ಪಾಗುತ್ತದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ಘಟ್ಟದ ಕಾಳುಮೆಣಸು ಕಡಲಿಗೆ ಇಳಿಯುತ್ತಿದ್ದುದೂ ಈ ಸೀಮೆಯಿಂದಲೇ.

ಮೂಲದಿಂದ ಅಳಿವೆಯವರೆಗೆ ಈ ಹೊಳೆಗೆ ದೊಡ್ಡ ಅಣೆಕಟ್ಟಿಲ್ಲ. ದಕ್ಷಿಣದ ನೆರೆಹೊಳೆ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಬಂತು. ವಿದ್ಯುದಾಗಾರಗಳಿಂದ ಬೇಸಿಗೆಯಲ್ಲೂ ಸಿಹಿನೀರು ಹರಿದುಬರುವುದರಿಂದ ಅಲ್ಲಿನ ಅಳಿವೆಯ ಉಪ್ಪು ತಗ್ಗಿತು, ಬಳಚಿನ ಸಂಪತ್ತೂ ಕುಗ್ಗಿತು. ಅಘನಾಶಿನಿಯಲ್ಲಿ ಮಳೆಗಾಲದ ಸಿಹಿ, ಬೇಸಿಗೆಯ ಉಪ್ಪು ಎರಡೂ ತಮ್ಮ ತಮ್ಮ ಕಾಲಕ್ಕೆ ಬರುತ್ತಿವೆ. 2024ರಲ್ಲಿ ಇದರ 4,801 ಹೆಕ್ಟೇರ್ ಅಳಿವೆ ರಾಮ್ಸರ್ ತಾಣಗಳ ಪಟ್ಟಿ ಸೇರಿತು.

ಹಾಗಾಗಿ ಮೂರು ದಿನ ಉಳಿಯುವವರು ಕೋಟೆ, ಬಂಡೆ, ಜಲಪಾತಗಳನ್ನು ಉಬ್ಬರದ ಹೊತ್ತಿಗೆ ಇಟ್ಟುಕೊಳ್ಳಲಿ. ಇಳಿತದ ಹೊತ್ತು ಅಳಿವೆಗಿರಲಿ. ಊರಿನವರು ನಡೆಯುವ ಜಾಡಿನಲ್ಲೇ ನಡೆಯಿರಿ, ಕೆಸರು ಕೆಲವೆಡೆ ಮೊಣಕಾಲು ನುಂಗುತ್ತದೆ. ಬಳಚು ಬೇಕಿದ್ದರೆ ಆರಿಸಿದವರಿಂದಲೇ ಕೊಳ್ಳಿ. ನೀರು ಹಿಂದಿರುಗತೊಡಗಿದ್ದು ಅವರಿಗೆ ನಮಗಿಂತ ಮೊದಲೇ ಗೊತ್ತಾಗುತ್ತದೆ. ಅವರು ಬುಟ್ಟಿ ಎತ್ತಿಕೊಂಡರೆ ನೀವೂ ದಡ ಹತ್ತಿ.