ಕಡತಗಳನ್ನೋದಿದ ಪತ್ರಕರ್ತೆ

ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ ನೆಲದೊಳಗಿನ ಎಣ್ಣೆಯನ್ನೇ ನಂಬಿ ಬಾಳುತ್ತಿದ್ದ ಸಣ್ಣ ವರ್ತಕರು, 1872ರಲ್ಲಿ ರೈಲ್ವೆಯ ಸಾಗಾಣಿಕೆಯ ದರಗಳು ಇದ್ದಕ್ಕಿದ್ದಂತೆ ವಿಪರೀತವಾಗಿ ಏರಿದುದನ್ನು ಕಂಡು ದಿಗ್ಭ್ರಾಂತರಾದರು. ಸೌತ್ ಇಂಪ್ರೂವ್‌ಮೆಂಟ್ ಕಂಪನಿ ಎಂಬ ಸಾಧುನಾಮವನ್ನು ಧರಿಸಿದ್ದ ಕೂಟವೊಂದು ರೈಲ್ವೆಗಳೊಡನೆ ಗುಪ್ತವಾಗಿ ಮಾಡಿಕೊಂಡಿದ್ದ ಕರಾರಿನ ಪ್ರಕಾರ, ಕೂಟದವರಿಗೆ ತಮ್ಮ ಬಾಡಿಗೆಯಲ್ಲಿ ರಿಯಾಯಿತಿ ದೊರೆಯುವುದಲ್ಲದೆ, ಪ್ರತಿಸ್ಪರ್ಧಿಗಳು ತೆತ್ತ ಬಾಡಿಗೆಯಲ್ಲಿಯೂ ಒಂದು ಪಾಲು ಸಲ್ಲತಕ್ಕದ್ದಾಗಿತ್ತು. ಜನಕ್ಷೋಭೆಯ ದೆಸೆಯಿಂದ ಆ ಕರಾರು ಜಾರಿಗೆ ಬರುವ ಮುನ್ನವೇ ಮುರಿದುಬಿದ್ದಿತಾದರೂ, ಕೂಟದ ಪ್ರಮುಖನಾಗಿದ್ದ ಜಾನ್ ಡಿ. ರಾಕ್‌ಫೆಲ್ಲರನ ಸ್ಟ್ಯಾಂಡರ್ಡ್ ಆಯಿಲ್ ಸಂಸ್ಥೆಯು ಅಷ್ಟರೊಳಗೆ ಕ್ಲೀವ್‌ಲೆಂಡ್ ನಗರದ ಎದುರಾಳಿಗಳಲ್ಲಿ ಬಹುಮಂದಿಯನ್ನು ನುಂಗಿ ನೀರು ಕುಡಿದಿತ್ತು. ಟೈಟಸ್‌ವಿಲ್ ಪಟ್ಟಣದ ಅಂಥ ಸ್ವತಂತ್ರ ವರ್ತಕರಲ್ಲೊಬ್ಬನ ಮಗಳಾದ ಐಡಾ ಟಾರ್ಬೆಲ್ ಎಂಬ ಬಾಲಿಕೆಗೆ ಆಗ ಹದಿನಾಲ್ಕು ವರ್ಷ.

ತನಿಖಾ ಪತ್ರಿಕೋದ್ಯಮವೆಂದೊಡನೆ ವೇಷ ಮರೆಸಿಕೊಂಡು ಗೂಢಸ್ಥಾನಗಳನ್ನು ಹೊಗುವ ಸಾಹಸಿಯೇ ನಮ್ಮ ಕಣ್ಣಿಗೆ ಕಟ್ಟುವುದು. 1887ರಲ್ಲಿ ಬುದ್ಧಿಭ್ರಮಣೆಯ ಸೋಗು ಹಾಕಿ ನ್ಯೂಯಾರ್ಕಿನ ಹುಚ್ಚಾಸ್ಪತ್ರೆಯೊಂದನ್ನು ಸೇರಿ, ಅಲ್ಲಿಯ ದುರವಸ್ಥೆಯನ್ನು ಲೋಕಕ್ಕೆ ಸಾರಿದ ನೆಲ್ಲಿ ಬ್ಲೈ ಅಂಥವಳೇ. ಆ ಧೈರ್ಯಕ್ಕೆ ಕೈಮುಗಿಯೋಣ. ಆದರೆ ಈ ವೃತ್ತಿಗೆ ಶಾಸ್ತ್ರದ ಶಿಸ್ತನ್ನು ತಂದಿತ್ತುದು, ಧೂಳು ತಿನ್ನುತ್ತಿದ್ದ ಕಡತಗಳನ್ನು ಕಡೆಯ ಹಾಳೆಯವರೆಗೂ ಓದಿದ ಟಾರ್ಬೆಲ್ಲಳ ತಾಳ್ಮೆಯೆಂದು ನನ್ನ ಮತ.

ಬೆಳೆದು ಪತ್ರಕರ್ತೆಯಾಗಿ, ಮ್ಯಾಕ್ಲೂರ್ಸ್ ಮಾಸಪತ್ರಿಕೆಗಾಗಿ ಸ್ಟ್ಯಾಂಡರ್ಡ್ ಆಯಿಲ್ ಸಂಸ್ಥೆಯ ಚರಿತ್ರೆಯನ್ನು ಬರೆಯುವ ಕಾರ್ಯವನ್ನು ಕೈಗೊಂಡ ಆಕೆ, ನ್ಯಾಯಾಲಯಗಳ ಸಾಕ್ಷ್ಯಗಳನ್ನೂ ಶಾಸನಸಭೆಗಳ ವಿಚಾರಣಾ ವರದಿಗಳನ್ನೂ ಹಳೆಯ ವೃತ್ತಪತ್ರಿಕೆಗಳನ್ನೂ ಒಂದೊಂದಾಗಿ ಶೋಧಿಸಿದಳು. ಸ್ಟ್ಯಾಂಡರ್ಡ್ ಸಂಸ್ಥೆಯ ಅಧಿಕಾರಿ ಹೆನ್ರಿ ರೋಜರ್ಸನನ್ನೇ ಪದೇಪದೇ ಸಂದರ್ಶಿಸಿ, ಪ್ರತಿಪಕ್ಷದ ಸಮಾಧಾನವನ್ನೂ ಕೇಳಿಕೊಂಡಳು. ಇಷ್ಟರಲ್ಲಿ ದೈವವೂ ನೆರವಾಯಿತೆನ್ನಬೇಕು. ಸಂಸ್ಥೆಯ ಕಚೇರಿಯೊಂದರಲ್ಲಿ ಹಳೆಯ ಕಾಗದಗಳನ್ನು ಸುಡುವ ಕೆಲಸಕ್ಕಿದ್ದ ಹುಡುಗನೊಬ್ಬನು, ಭಾನುವಾರದ ಧರ್ಮಪಾಠಶಾಲೆಯಲ್ಲಿ ತನಗೆ ಗುರುವಾಗಿದ್ದ ಒಬ್ಬ ಸ್ವತಂತ್ರ ಎಣ್ಣೆವ್ಯಾಪಾರಿಯ ಹೆಸರು ಅವುಗಳಲ್ಲಿ ಮರಳಿ ಮರಳಿ ಬರುವುದನ್ನು ಕಂಡು, ಆ ಹಾಳೆಗಳನ್ನು ಅವನಿಗೇ ಒಪ್ಪಿಸಿದನು. ಅವನಿಂದ ಅವು ಟಾರ್ಬೆಲ್ಲಳ ಕೈಸೇರಿದವು. ಎದುರಾಳಿಗಳ ಸರಕು ಯಾವ ದಿನ ಎಲ್ಲಿಗೆ ಹೊರಡುವುದೆಂಬುದನ್ನು ರೈಲ್ವೆಯ ಗುಮಾಸ್ತರೇ ಸ್ಟ್ಯಾಂಡರ್ಡ್ ಸಂಸ್ಥೆಗೆ ತಿಳಿಸುತ್ತಿದ್ದರೆಂಬುದಕ್ಕೆ ಅದಕ್ಕಿಂತ ಬೇರೆ ಪ್ರಮಾಣ ಬೇಕಿರಲಿಲ್ಲ. ಆ ಸಂಗತಿ ಅಚ್ಚಾದ ಬಳಿಕ ರೋಜರ್ಸನು ಆಕೆಗೆ ಬಾಗಿಲು ಮುಚ್ಚಿದನು.

1902ರ ನವೆಂಬರಿನಿಂದ ಹತ್ತೊಂಬತ್ತು ಕಂತುಗಳಾಗಿ ಪ್ರಕಟವಾದ ಈ ಚರಿತ್ರೆ 1904ರಲ್ಲಿ ಎರಡು ಸಂಪುಟಗಳಾಗಿ ಹೊರಬಂದಿತು. ಮರುವರ್ಷ ಆಕೆಯೇ ಬರೆದ ರಾಕ್‌ಫೆಲ್ಲರನ ವ್ಯಕ್ತಿಚಿತ್ರದಲ್ಲಾದರೋ ಅವನ ಮುಖಲಕ್ಷಣದ ನಿಂದೆಯೂ ಸೇರಿಕೊಂಡಿದೆ. ಕಡತಗಳ ಬಲವಿದ್ದವಳಿಗೆ ಆ ಚುಚ್ಚುಮಾತಿನ ಹಂಗು ಏಕೆ ಬೇಕಿತ್ತೋ ತಿಳಿಯದು. 1906ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟನು ಇಂಥ ಬರಹಗಾರರನ್ನು ಕೆಸರು ಕೆದಕುವವರೆಂದು ಹಳಿದನು. ಅವನದೇ ಸರ್ಕಾರವು ಅದೇ ವರ್ಷ ಸ್ಟ್ಯಾಂಡರ್ಡ್ ಸಂಸ್ಥೆಯ ಮೇಲೆ ದಾವೆ ಹೂಡಿತು. 1911ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ಸಂಸ್ಥೆಯು ಮೂವತ್ತನಾಲ್ಕು ಹೋಳುಗಳಾಯಿತು. ಆ ಹೋಳುಗಳ ಷೇರುಗಳಿಗೆ ಪೇಟೆಯಲ್ಲಿ ಬೆಲೆಯೇರಿ, ರಾಕ್‌ಫೆಲ್ಲರನು ಮೊದಲಿಗಿಂತಲೂ ಧನಿಕನಾದನು.